ಆಸ್ಪತ್ರೆಯ ಕರೆಂಟ್ ಲೆಕ್ಕ: ಸೋಲಾರ್‌ಗಿಂತ ಮೊದಲು ಮಾಡಿದ ಕೆಲಸಗಳು

ವಿಜಯಪುರದ ನಮ್ಮ ಆಸ್ಪತ್ರೆ ದೊಡ್ಡದಲ್ಲ. ನಲವತ್ತು ಹಾಸಿಗೆ, ಎರಡು ಓಟಿ (ಆಪರೇಷನ್ ಥಿಯೇಟರ್), ಒಂದು ಸಣ್ಣ ಐಸಿಯು. ಅಲ್ಲಿನ ವೈರಿಂಗ್, ಜನರೇಟರ್, ಎಸಿ, ಗ್ಯಾಸ್ ಪೈಪ್‌ಲೈನ್ ನೋಡಿಕೊಳ್ಳುವುದು ನನ್ನ ಕೆಲಸ. ಕರೆಂಟ್ ಖರ್ಚು ಇಳಿಸುವ ಈ ಕೆಲಸ ಮಾತ್ರ ನಾನಾಗಿ ಕೇಳಿ ತಗೊಂಡಿದ್ದು. ಚಳಿಗಾಲ ಮುಗಿಯುವಾಗ ಶುರು ಮಾಡಿದೆ, ಈಗ ಮಳೆ ಬಂದಿದೆ. ಇಲ್ಲಿತನಕ ಆಗಿದ್ದನ್ನು ಬರೆದಿಡುತ್ತಿದ್ದೇನೆ. ಬೇರೆ ಆಸ್ಪತ್ರೆಯಲ್ಲಿ ಇದೇ ಕೆಲಸದಲ್ಲಿ ಇರುವವರಿಗೆ ಉಪಯೋಗ ಆದೀತು.

ಯಾರಿಗೆ ಹೇಳಿದರೂ ಮೊದಲು ಬರುವ ಮಾತು ಒಂದೇ: "ಮ್ಯಾಲ ಸೋಲಾರ್ ಹಾಕಿಸ್ರಿ, ಮುಗೀತು." ಸೋಲಾರ್ ಬೇಕೇ ಬೇಕು. ಆದರೆ ನನ್ನ ಪಟ್ಟಿಯಲ್ಲಿ ಅದು ಕೊನೆಗೆ. ಪೋಲಾಗುವ ಕರೆಂಟ್‌ಗೂ ಸೇರಿಸಿ ಪ್ಯಾನಲ್ ಹಾಕಿಸಿದರೆ ದುಡ್ಡೂ ಜಾಸ್ತಿ, ಚಾವಣಿ ಜಾಗವೂ ಜಾಸ್ತಿ. ಪೋಲಾಗುವುದು ಮಾತ್ರ ಹಾಗೇ ಉಳಿಯುತ್ತದೆ.

ಇದು ಬರೀ ಬಿಲ್ಲಿನ ಮಾತಲ್ಲ. ರೈಲಿನಲ್ಲಿ ಬಾಗಲಕೋಟೆ ಕಡೆ ಹೋಗುವವರಿಗೆ ಕೂಡಗಿಯ ವಿದ್ಯುತ್ ಸ್ಥಾವರ ಗೊತ್ತು. 800 ಮೆಗಾವಾಟಿನ ಮೂರು ಘಟಕ, ಒಟ್ಟು 2,400 ಮೆಗಾವಾಟ್, ಉರಿಯುವುದು ಕಲ್ಲಿದ್ದಲು. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟ್ ಹುಟ್ಟಿಸಲು ಸರಾಸರಿ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಜನರೇಟರ್ ಓಡಿಸಿದರೆ ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆಜಿ. ಏಪ್ರಿಲ್-ಮೇನಲ್ಲಿ ಬಿಸಿಲು ಬಡಿದು ನಮ್ಮಲ್ಲಿಗೆ ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಹೊಲದಲ್ಲಿ ದುಡಿಯುವವರು, ಗಾರೆ ಕೆಲಸದವರು, ಮುದುಕರು. ಅವರನ್ನು ಉಳಿಸುವ ಕಟ್ಟಡವೇ ಸೆಕೆ ಹೆಚ್ಚಿಸುವ ಹೊಗೆಗೆ ಕಾರಣವಾಗುವುದು ನನಗೆ ಸರಿ ಕಾಣುವುದಿಲ್ಲ.

ಫೆಬ್ರವರಿ: ರಾತ್ರಿ ಎರಡರ ಲೋಡ್

ಮೊದಲು ತಂತಿ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ತಗೊಂಡು ಒಂದೊಂದು ಫೀಡರ್ (ಕಟ್ಟಡದ ಒಂದೊಂದು ಭಾಗಕ್ಕೆ ಕರೆಂಟ್ ಒಯ್ಯುವ ಲೈನ್) ನೋಡಿದೆ. ಆಮೇಲೆ ಮುಖ್ಯವಾದವುಗಳಿಗೆ ಸಣ್ಣ ಎನರ್ಜಿ ಮೀಟರ್ ಕೂಡಿಸಿದೆ. ಹಗಲಿನ ಲೋಡ್ ನೋಡಿದರೆ ಏನೂ ತಿಳಿಯುವುದಿಲ್ಲ, ಎಲ್ಲವೂ ಓಡುತ್ತಿರುತ್ತದೆ. ರಾತ್ರಿ ಎರಡಕ್ಕೆ ನೋಡಬೇಕು. ಒಪಿಡಿ ಇಲ್ಲ, ಲ್ಯಾಬ್ ಅರ್ಧ ಬಂದ್, ಎರಡೂ ಓಟಿಗೆ ಬೀಗ. ಆದರೂ ಲೋಡ್ 22 ಕಿಲೋವಾಟ್ ಹತ್ತಿರ ನಿಂತಿತ್ತು. ಅದರಲ್ಲಿ ಹೆಚ್ಚಿನ ಪಾಲು ಖಾಲಿ ಓಟಿಗಳ ಎಸಿಯದ್ದು. ಸೆಟ್ಟಿಂಗ್ 20 ಡಿಗ್ರಿ, ಗಾಳಿ ದೂಡುವ ಬ್ಲೋವರ್ ಪೂರ್ತಿ ವೇಗ.

ಓಟಿ ಎಸಿಯನ್ನು ಸುಮ್ನೆ ಬಂದ್ ಮಾಡುವ ಹಾಗಿಲ್ಲ. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಮಾರ್ಗಸೂಚಿ ಪ್ರಕಾರ ಓಟಿಯ ಗಾಳಿ ಗಂಟೆಗೆ 20 ಸಲ ಬದಲಾಗಬೇಕು. ಅದರಲ್ಲಿ 4 ಸಲದಷ್ಟು ಹೊರಗಿನ ಹೊಸ ಗಾಳಿ ಇರಬೇಕು. ಒಳಗಿನ ಒತ್ತಡ ಕಾರಿಡಾರಿಗಿಂತ ಕನಿಷ್ಠ 2.5 ಪಾಸ್ಕಲ್ ಜಾಸ್ತಿ ಇರಬೇಕು, ಇಲ್ಲದಿದ್ದರೆ ಬಾಗಿಲ ಸಂದಿಯಿಂದ ಹೊರಗಿನ ಧೂಳು ಒಳಗೆ ಬರುತ್ತದೆ. ಆದರೆ ಓಟಿ ಖಾಲಿ ಇದ್ದಾಗ ಕಾಯಬೇಕಾದದ್ದು ಈ ಒತ್ತಡವನ್ನು, ಸೋಸಿದ ಗಾಳಿಯನ್ನು. ತಂಪನ್ನಲ್ಲ. ಇಡೀ ಕೆಲಸದ ಗುಟ್ಟು ಇಷ್ಟೇ.

ಬ್ಲೋವರ್ ಮೋಟರಿಗೆ ವಿಎಫ್‌ಡಿ, ಅಂದರೆ ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ, ಹಾಕಿಸಿದೆವು. ಫ್ಯಾನಿನ ಲೆಕ್ಕ ಬಹಳ ಚೆಂದ: ವೇಗ 80 ಪರ್ಸೆಂಟಿಗೆ ಇಳಿಸಿದರೆ ತಿನ್ನುವ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ. ಎಸಿ ಸೆಟ್ಟಿಂಗ್ ರಾತ್ರಿ 27 ಡಿಗ್ರಿ. ಒತ್ತಡದ ಗೇಜ್ ನೋಡುತ್ತಾ ವೇಗ ಇಳಿಸಿದೆ. 2.5ರ ಕೆಳಗೆ ಹೋಗಲು ಬಿಡಲಿಲ್ಲ.

ಓಟಿ ಇನ್‌ಚಾರ್ಜ್ ಸಿಸ್ಟರ್ ಕೇಳಿದ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು: "ಅಲ್ರೀ ಅಣ್ಣಾರ, ನಡುರಾತ್ರಿ ಸಿಸೇರಿಯನ್ ಬಂದ್ರ? ಓಟಿ ತಯಾರ ಆಗೂತನಕ ತಾಯಿನ್ನ ಹೊರಗ ಕೂಡಸೂದೇನು?" ಹಾಗಾಗಿ ಒಂದು ಓಟಿ ಮಾತ್ರ ಮಲಗುತ್ತದೆ. ಇನ್ನೊಂದು ರಾತ್ರಿಯಿಡೀ ಪೂರ್ತಿ ಗಾಳಿಯಲ್ಲೇ ಇರುತ್ತದೆ, 20ರ ಬದಲು 24 ಡಿಗ್ರಿಯಲ್ಲಿ. ಮಾರ್ಗಸೂಚಿಯ ಮಿತಿ 21ರ ಆಚೆ ಈಚೆ 3 ಡಿಗ್ರಿ, ಅಂದರೆ 24 ಅದರೊಳಗೇ ಬಂತು. ಮಕ್ಕಳ ಡಾಕ್ಟರಿಗೆ ಇದು ಖುಷಿ ಕೊಟ್ಟಿತು. ಹೆರಿಗೆ ಕೋಣೆ 25 ಡಿಗ್ರಿಗಿಂತ ತಣ್ಣಗಿರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಗಷ್ಟೇ ಹುಟ್ಟಿದ ಕೂಸಿಗೆ 20 ಡಿಗ್ರಿ ತೀರಾ ಚಳಿ.

ಮಲಗಿದ ಓಟಿಯನ್ನು ಬೆಳಿಗ್ಗೆ ಮೊದಲ ಕೇಸಿಗೆ ಸಾಕಷ್ಟು ಮುಂಚೆ ಪೂರ್ತಿ ವೇಗಕ್ಕೆ ತರುತ್ತೇವೆ. ಆ ಸ್ವಿಚ್ ಸಿಸ್ಟರ್ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ. ಲ್ಯಾಬಿನವರು ಗಾಳಿಯಲ್ಲಿನ ರೋಗಾಣು ಹಿಡಿಯುವ ಪ್ಲೇಟ್ ಇಟ್ಟು ಗಾಳಿ ಪರೀಕ್ಷೆ ಮಾಡಿದರು, ಫರಕು ಕಾಣಲಿಲ್ಲ. ರಾತ್ರಿ ಲೋಡ್ ಈಗ 14 ಕಿಲೋವಾಟಿನ ಆಸುಪಾಸು.

ಮಾರ್ಚ್: ಚಾವಣಿಗೆ ಸುಣ್ಣ

ಜನರಲ್ ವಾರ್ಡ್ ಮೇಲಿನ ಮಹಡಿಯಲ್ಲಿದೆ. ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬ್. ನಮ್ಮ ಕಡೆಯ ಹಳೆ ಮಾಳಿಗೆ ಮನೆಗಳಿಗೆ ದಪ್ಪ ಗೋಡೆ, ಮೇಲೆ ಮಣ್ಣು. ಮಧ್ಯಾಹ್ನವೂ ಒಳಗೆ ತಂಪು. ಸ್ಲ್ಯಾಬ್ ಹಾಗಲ್ಲ, ಹಗಲೆಲ್ಲ ಬಿಸಿ ಕುಡಿದು ರಾತ್ರಿ ಒಳಗೆ ಬಿಡುತ್ತದೆ.

ಸುಣ್ಣ ನೆನೆಹಾಕಿ, ಸೋಸಿ, ಅಂಟು ಬೆರೆಸಿ ಎರಡು ಕೋಟ್ ಬಳಿಸಿದೆವು. ಬೇಕಂತಲೇ ಮೊದಲು ಅರ್ಧ ಚಾವಣಿಗೆ ಮಾತ್ರ. ಹೋಲಿಸಿ ನೋಡಬೇಕಲ್ವಾ? ಮಧ್ಯಾಹ್ನ ಟೆಂಪರೇಚರ್ ಗನ್ ಹಿಡಿದಾಗ ಬರೀ ಸಿಮೆಂಟ್ ಕಡೆ 61 ಡಿಗ್ರಿ, ಬಿಳಿ ಕಡೆ 44. ವಾರ್ಡಿನಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಆದರೂ ರೋಗಿಗಳ ಕಡೆಯವರು "ಆ ಕಡಿ ಕಾಟ್ ಕೊಡ್ರಿ" ಅಂತ ಕೇಳತೊಡಗಿದರು. ಉಳಿದರ್ಧಕ್ಕೆ ಮಂಜೂರಾತಿ ಅದರಿಂದಲೇ ಸಿಕ್ಕಿತು. ಧೂಳು ಕೂತರೆ ಬಿಳುಪು ಹೋಗುತ್ತದೆ, ಗುಡಿಸುತ್ತಿರಬೇಕು. ಮಳೆಗೆ ಸ್ವಲ್ಪ ತೊಳೆದೂ ಹೋಗುತ್ತದೆ. ಪ್ರತಿ ಬೇಸಿಗೆಗೆ ಮುಂಚೆ ಬಳಿಸುವುದು ಅಂತ ಲೆಕ್ಕ ಇಟ್ಟುಕೊಂಡರೆ ಆಯಿತು. ಖರ್ಚು ಬಹಳ ಇಲ್ಲ.

ವಾರ್ಡಿನ ಫ್ಯಾನುಗಳನ್ನೂ ಬದಲಿಸುತ್ತಿದ್ದೇವೆ. ಹಳೆಯದು 75 ವಾಟ್, ಕಡಿಮೆ ಕರೆಂಟಿನ ಹೊಸ ಬಗೆಯ ಮೋಟರ್ ಇರುವ ಬಿಎಲ್‌ಡಿಸಿ ಫ್ಯಾನ್ 30 ವಾಟ್. ಆಸ್ಪತ್ರೆಯ ಫ್ಯಾನ್ ಹಗಲು ರಾತ್ರಿ ತಿರುಗುವುದರಿಂದ ಲಾಭ ಮನೆಗಿಂತ ಜಾಸ್ತಿ. ರಿಮೋಟ್ ಮಾದರಿ ತಗೋಬೇಡಿ, ವಾರ್ಡಿನಲ್ಲಿ ರಿಮೋಟ್ ಉಳಿಯುವುದಿಲ್ಲ. ಗೋಡೆಯಿಂದಲೇ ವೇಗ ಬದಲಿಸುವಂಥದ್ದು ಕೇಳಿ.

ಮೇ: ನೀಲಿ ಸಿಲಿಂಡರ್

ನನಗೆ ಅತಿ ಹೆಚ್ಚು ಕಲಿಸಿದ ಕೆಲಸ ಇದು. ಇದಕ್ಕೂ ಕರೆಂಟಿಗೂ ಸಂಬಂಧ ಇಲ್ಲ.

ನೀಲಿ ಸಿಲಿಂಡರಿನಲ್ಲಿ ಬರುವ ನೈಟ್ರಸ್ ಆಕ್ಸೈಡ್ ಅರಿವಳಿಕೆಗೆ ಬಳಸುವ ಅನಿಲ. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ನೈಟ್ರಸ್ 273 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. 30 ಕೆಜಿ ಸೋರಿ ಹೋದರೆ ಎಂಟು ಟನ್ನಿಗಿಂತ ಜಾಸ್ತಿ ಆಯಿತು. ಅಷ್ಟು ಹೊಗೆ ಬರಲು ಹನ್ನೊಂದು ಸಾವಿರಕ್ಕೂ ಮಿಕ್ಕಿ ಯೂನಿಟ್ ಕರೆಂಟ್ ಸುಡಬೇಕು! ನಾನು ಬ್ಲೋವರ್ ವೇಗ ಇಳಿಸಿ ಉಳಿಸಿದ್ದನ್ನೆಲ್ಲ ಒಂದು ಸಡಿಲ ವಾಷರ್ ನುಂಗಿಬಿಡಬಹುದು.

ಸೋರಿಕೆ ಗೇಜಿನಲ್ಲಿ ಕಾಣುವುದಿಲ್ಲ. ಸಿಲಿಂಡರಿನೊಳಗೆ ನೈಟ್ರಸ್ ದ್ರವವಾಗಿರುತ್ತದೆ, ಅಡುಗೆ ಗ್ಯಾಸ್ ಇದ್ದ ಹಾಗೆ. ದ್ರವ ಇರುವ ತನಕ ಒತ್ತಡ ಒಂದೇ ಇರುತ್ತದೆ. ತೀರಾ ಖಾಲಿಯಾಗುವಾಗ ದಬಕ್ಕನೆ ಇಳಿಯುತ್ತದೆ. ಇನ್ನೊಂದು ತೊಡಕು ನಮ್ಮ ಊರಿನ ಬಿಸಿಲಿನದು. 36.5 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ಏರುತ್ತದೆ. ಮೇ ತಿಂಗಳಲ್ಲಿ ನಮ್ಮ ಮ್ಯಾನಿಫೋಲ್ಡ್ ಕೋಣೆ (ಸಿಲಿಂಡರುಗಳನ್ನು ಪೈಪಿಗೆ ಜೋಡಿಸಿಟ್ಟ ಜಾಗ) ಅದನ್ನು ದಾಟುತ್ತದೆ. ಹಾಗಾಗಿ ದಾರಿ ಒಂದೇ: ತೂಕ ಮಾಡುವುದು.

ಕಾಟಾ ತರಿಸಿ ಸಿಲಿಂಡರ್ ತೂಗಲು ಶುರು ಮಾಡಿದೆವು. ಅರಿವಳಿಕೆ ಡಾಕ್ಟರ್ ಕೇಸ್ ಶೀಟ್ ನೋಡಿ ಎಷ್ಟು ಬಳಸಿದ್ದು ಅಂತ ಬರೆದರು. ಬೆನ್ನಿಗೆ ಸೂಜಿ ಕೊಟ್ಟೇ ಆಪರೇಷನ್ ಮುಗಿಸಿದ, ನೈಟ್ರಸ್ ಮುಟ್ಟದ ವಾರದಲ್ಲೂ ತೂಕ ಇಳಿದಿತ್ತು. ಸಾಬೂನು ನೀರು ಹಚ್ಚಿದಾಗ ಓಟಿ ಗೋಡೆಯ ಔಟ್‌ಲೆಟ್‌ನಲ್ಲಿ, ಮ್ಯಾನಿಫೋಲ್ಡಿನ ಒಂದು ಜಾಯಿಂಟಿನಲ್ಲಿ ಗುಳ್ಳೆ ಎದ್ದವು. ಎರಡನ್ನೂ ಸರಿ ಮಾಡಿಸಿದೆವು. ಸ್ಕಾಟ್ಲೆಂಡಿನ ಆಸ್ಪತ್ರೆಗಳಲ್ಲಿ ಹೀಗೇ ಲೆಕ್ಕ ಹಾಕಿದಾಗ ಪೈಪಿನ ನೈಟ್ರಸ್‌ನಲ್ಲಿ ಬಹುಪಾಲು ರೋಗಿಯನ್ನು ಮುಟ್ಟುತ್ತಲೇ ಇರಲಿಲ್ಲ. ಹಲವು ಕಡೆ ಪೈಪನ್ನೇ ಮುಚ್ಚಿ, ಮಷೀನಿಗೆ ಸಣ್ಣ ಸಿಲಿಂಡರ್ ಕೂಡಿಸಿದರು. ನಮ್ಮ ಡಾಕ್ಟರ್ ಸಾಹೇಬರೂ ಅದಕ್ಕೆ ಒಪ್ಪಿದ್ದಾರೆ. ಆಕ್ಸಿಜನ್ ಪೈಪ್‌ಲೈನ್ ಹಾಗೇ ಇರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ.

ಎಸಿ ಗ್ಯಾಸಿನ ಕಥೆಯೂ ಇದೇ. ಹಳೆ ಎಸಿಯ ಆರ್-22 ಗ್ಯಾಸ್ ಒಂದು ಕೆಜಿ ಸೋರಿದರೆ ಸುಮಾರು 1,800 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಪ್ರತಿ ವರ್ಷ "ಗ್ಯಾಸ್ ಹಾಕಿ ಹೋಗ್ರಿ" ಅನ್ನುವುದನ್ನು ನಿಲ್ಲಿಸಿದ್ದೇವೆ. ಸೋರುವ ಜಾಗ ಹುಡುಕಿ ಬೆಸುಗೆ ಹಾಕದೆ ಹೊಸ ಗ್ಯಾಸ್ ಇಲ್ಲ.

ಈಗ: ಸೋಲಾರ್

ಇಲ್ಲಿ ಒಂದು ಕಿಲೋವಾಟ್ ಪ್ಯಾನಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಹತ್ತು ಚದರ ಮೀಟರ್ ಜಾಗ ಕೇಳುತ್ತದೆ. ಲೋಡ್ ಇಳಿದಿರುವುದರಿಂದ ಹಳೆ ಕೊಟೇಶನ್ ಈಗ ಬೇಡ, ಸಣ್ಣದು ಸಾಕು. ಕರೆಂಟ್ ಹೋದಾಗ ಸಾಮಾನ್ಯ ಗ್ರಿಡ್ ಸೋಲಾರ್ ಕೂಡ ನಿಲ್ಲುತ್ತದೆ, ಇದನ್ನು ಆಡಳಿತದವರಿಗೆ ಬಿಡಿಸಿ ಹೇಳಬೇಕಾಯಿತು. ಜನರೇಟರ್ ಜೊತೆ ಹೊಂದಿಸಿ ಓಡಿಸುವ ಕಂಟ್ರೋಲರ್ ಬೇಕು ಅಂತ ಹೊಸ ಕೊಟೇಶನ್‌ನಲ್ಲಿ ಸೇರಿಸಲು ಕೇಳಿದ್ದೇನೆ. ಪ್ಯಾನಲ್ ಜನರಲ್ ವಾರ್ಡಿನ ಮೇಲೇ ಬರಲಿ ಎಂದಿದ್ದೇನೆ, ಸ್ಲ್ಯಾಬಿಗೆ ನೆರಳೂ ಆಗುತ್ತದೆ. ಕೊಟೇಶನ್ ಬಂದ ಮೇಲೆ ನಮಗೆ ಕರೆಂಟ್ ಕೊಡುವ ಹೆಸ್ಕಾಂಗೆ ನೆಟ್ ಮೀಟರಿಂಗ್ (ಮಿಕ್ಕ ಸೋಲಾರ್ ಕರೆಂಟನ್ನು ಗ್ರಿಡ್‌ಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವುದು) ಅರ್ಜಿ. ಅದಕ್ಕೂ ಮುಂಚೆ ನೈಟ್ರಸ್ ಮ್ಯಾನಿಫೋಲ್ಡ್ ಮುಚ್ಚುವ ಕೆಲಸ ಇದೆ, ಸಣ್ಣ ಸಿಲಿಂಡರಿಗೆ ಆರ್ಡರ್ ಹೋಗಿದೆ.