ಕ್ಲೀವ್‌ಡನ್‌ನ ಪಿಯರ್ ಮೇಲೆ ನಡೆದಾಡಿದ್ದು

ಇಂಗ್ಲೆಂಡಿನ ಸಾಮರ್‌ಸೆಟ್ ಕರಾವಳಿಯಲ್ಲಿರುವ ಕ್ಲೀವ್‌ಡನ್ ಎಂಬ ಪುಟ್ಟ ಊರಿಗೆ ನಾನು ಹೋದದ್ದು 1869ರಲ್ಲಿ ತೆರೆದ ಅಲ್ಲಿನ ವಿಹಾರದ ಪಿಯರ್, ಅಂದರೆ ಕಾಲುಗಳ ಮೇಲೆ ನಿಂತು ಕಡಲೊಳಕ್ಕೆ ಚಾಚಿದ ಕಟ್ಟೆ, ನೋಡಲೆಂದೇ. ದಡದಿಂದ ಸುಮಾರು 312 ಮೀಟರ್ ದೂರ ನೀರಿನೊಳಕ್ಕೆ ಚಾಚಿರುವ ಅದನ್ನು ಕಂಡೊಡನೆ ಬೆರಗಾಗಿಸುವುದು ಅದರ ಕಾಲುಗಳ ಸಪೂರ. ರೈಲುಮಾರ್ಗಕ್ಕೆಂದು ತಯಾರಾಗಿ ಅಲ್ಲಿ ಸರಿಹೊಂದದೆ ಹೋದ ಬಾರ್ಲೋ ಎಂಬ ಬಗೆಯ ಹಳಿಗಳನ್ನೇ ಬಾಗಿಸಿ, ಜೋಡಿಸಿ ಈ ಕಾಲುಗಳನ್ನೂ ಕಮಾನುಗಳನ್ನೂ ರೂಪಿಸಿದ್ದಾರೆ. ಉಬ್ಬರವಿಳಿತಗಳ ನಡುವೆ ನೀರಿನ ಮಟ್ಟ ಸುಮಾರು 14 ಮೀಟರ್‌ವರೆಗೂ ಏರಿಳಿಯುವ ಬ್ರಿಸ್ಟಲ್ ಚಾನೆಲ್ ಎಂಬ ಕಡಲ ಚಾಚಿನಲ್ಲಿ, ಹಡಗುಗಳು ಯಾವ ಹೊತ್ತಿನಲ್ಲಿ ಬಂದರೂ ಪ್ರಯಾಣಿಕರು ಇಳಿಯುವಂತಿರಬೇಕೆಂದು ತುದಿಯಲ್ಲಿ ಹಲವು ಅಂತಸ್ತುಗಳ ಇಳಿದಾಣವನ್ನು ಕಟ್ಟಿರುವುದು ನನಗೆ ಅತ್ಯಂತ ಜಾಣ ಯೋಜನೆಯಾಗಿ ಕಂಡಿತು.

1970ರಲ್ಲಿ ಭಾರಪರೀಕ್ಷೆ ನಡೆಸುತ್ತಿದ್ದಾಗ ಪಿಯರ್‌ನ ಎರಡು ಅಂಕಣಗಳು (ಕಾಲುಗಳ ನಡುವಿನ ಭಾಗಗಳು) ಕುಸಿದುಬಿದ್ದವು. ಉಳಿದುದನ್ನೂ ಕೆಡವುವ ಮಾತು ಬಂದಾಗ ಊರಿನವರು ಒಪ್ಪದೆ ಹೋರಾಡಿ, ಹಣ ಕೂಡಿಸಿದರು. 1989ರಲ್ಲಿ ಅದು ಮತ್ತೆ ತೆರೆಯಿತು, 1998ರಲ್ಲಿ ತುದಿಯ ಭಾಗದ ದುರಸ್ತಿಯೂ ಮುಗಿಯಿತು. ದಾನಿಗಳು ತಮ್ಮವರ ನೆನಪಿಗೆ ಹಾಕಿಸಿದ ಹಿತ್ತಾಳೆಯ ಫಲಕಗಳನ್ನು ಓದುತ್ತಾ ನಾನು ಬಹಳ ನಿಧಾನವಾಗಿ ನಡೆದೆ. ಆ ಊರಿನವರ ಹಟದ ಬಗ್ಗೆ ನನಗೆ ಅಪಾರ ಗೌರವವಿದೆ. ಹೋಗುವವರು ಉಬ್ಬರದ ವೇಳಾಪಟ್ಟಿ ನೋಡಿಕೊಂಡು, ನೀರು ಇಳಿದಾಗಲೊಮ್ಮೆ ದಡದಿಂದ ಆ ಕಾಲುಗಳನ್ನು ಪೂರ್ತಿಯಾಗಿ ನೋಡಲೇಬೇಕು.