ಆರರ ಬಾಲ

ಕನ್ನಡದ ೩ ಮತ್ತು ೬ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಒಮ್ಮೆ ನೋಡಿ. ಸುತ್ತುಗಳು ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಥರ. ವ್ಯತ್ಯಾಸ ಇರೋದು ಕೊನೆಯಲ್ಲಿ. ಆರಕ್ಕೆ ಬಲಗಡೆ ಹೊರಗೆ ಚಾಚಿದ ಒಂದು ಬಾಲ ಇದೆ. ಮೂರಕ್ಕೆ ಇಲ್ಲ. ಡಿಸೈನ್ ಓದಿದ ಅಷ್ಟೂ ವರ್ಷಗಳಲ್ಲಿ ಆ ಬಾಲದ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಸಹಕಾರ ಸಂಘದ ಕ್ಯಾಲೆಂಡರ್ ಕೆಲಸ ಬಂತು. ಗೋಡೆಗೆ ನೇತುಹಾಕುವ, ಪಂಚಾಂಗ ಇರುವ ಕ್ಯಾಲೆಂಡರ್. ಪ್ರತಿ ದಿನದ ಚೌಕದಲ್ಲೂ ದೊಡ್ಡ ತಾರೀಖು, ಅದರ ಕೆಳಗೆ ತಿಥಿ, ನಕ್ಷತ್ರ, ಅದು ಎಷ್ಟು ಗಂಟೆವರೆಗೆ ಅನ್ನೋದು. ಎಲ್ಲವೂ ಕನ್ನಡ ಅಂಕಿಯಲ್ಲೇ ಬೇಕು ಎಂದಿದ್ದರು. ನನಗೆ ಖುಷಿಯೋ ಖುಷಿ. ತೆಳ್ಳಗೆ, ಅಂದವಾಗಿರುವ ಒಂದು ಫಾಂಟ್ ಆರಿಸಿದೆ. ಸ್ಕ್ರೀನ್ ಮೇಲೆ ನಾಲ್ಕು ಪಟ್ಟು ದೊಡ್ಡದು ಮಾಡಿಕೊಂಡು ಒಂದೊಂದು ಚೌಕವನ್ನೂ ಜೋಡಿಸಿದೆ. ಒಳ್ಳೆಯ ಹೊಳಪಿನ ಕಾಗದದಲ್ಲಿ ಪ್ರಿಂಟ್ ತೆಗೆದು ತೋರಿಸಿದೆ. ಎಲ್ಲರೂ ಚೆನ್ನಾಗಿದೆ ಅಂದರು.

ಅಚ್ಚಾಗಿದ್ದು ಬೇರೆ ಕಾಗದದಲ್ಲಿ. ಖರ್ಚು ಕಡಿಮೆ ಮಾಡೋಕೆ ತೆಳು, ಒರಟು ಕಾಗದ ತಂದಿದ್ದರು. ಇಂಕ್ ಬಿದ್ದ ಕೂಡಲೇ ಹೀರಿಕೊಂಡು ಹರಡುವ ಕಾಗದ ಅದು. ಮೂರರ ಹೊಟ್ಟೆಯೂ ತುಂಬಿತು, ಆರರ ಹೊಟ್ಟೆಯೂ ತುಂಬಿತು. ಬಾಲ ಆ ಮಸಿಯಲ್ಲಿ ಕರಗಿ ಮೊಂಡಾಯಿತು. ಜನವರಿ ಮೊದಲ ವಾರ ಸಂಘದ ಕಚೇರಿಗೆ ಫೋನುಗಳು ಶುರುವಾದವು. ಏಕಾದಶಿ ೩-೨೪ರವರೆಗೋ, ೬-೨೪ರವರೆಗೋ? ರಾಹುಕಾಲವಾದರೆ ಜನಕ್ಕೆ ಬಾಯಿಪಾಠ. ಮಂಗಳವಾರ ಮೂರರಿಂದ ನಾಲ್ಕೂವರೆ ಅಂತ ಯಾರೂ ಕ್ಯಾಲೆಂಡರ್ ನೋಡಬೇಕಾಗಿಲ್ಲ. ಆದರೆ ತಿಥಿ ದಿನಾ ಬದಲಾಗುತ್ತದೆ. ಉಪವಾಸ ಬಿಡುವ ಒಬ್ಬ ಅಜ್ಜಿಗೆ ಆ ಮೂರು ಗಂಟೆಯ ವ್ಯತ್ಯಾಸ ಸಣ್ಣದಲ್ಲ. ಹನ್ನೆರಡೂ ತಿಂಗಳು ಆ ಕ್ಯಾಲೆಂಡರ್ ಗೋಡೆ ಮೇಲೆ ಇರುತ್ತೆ ಅಂತ ನೆನೆಸಿಕೊಂಡಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಆ ದಿನಗಳಲ್ಲೇ ಮ್ಯಾಥ್ಯೂ ಕಾರ್ಟರ್ ಬಗ್ಗೆ ಓದಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. ಕಂಪ್ಯೂಟರಿನಲ್ಲಿ ನಾವು ನೋಡುವ ವರ್ಡಾನಾ, ಜಾರ್ಜಿಯಾ ಫಾಂಟುಗಳೆರಡೂ ಅವರ ಕೈಯವೇ. ಎಪ್ಪತ್ತರ ದಶಕದಲ್ಲಿ ಅಲ್ಲಿನ ಎಟಿ ಅಂಡ್ ಟಿ ಅನ್ನೋ ಟೆಲಿಫೋನ್ ಕಂಪನಿ ಅವರಿಗೆ ಟೆಲಿಫೋನ್ ಡೈರೆಕ್ಟರಿಯ ಅಕ್ಷರ ಮಾಡುವ ಕೆಲಸ ಕೊಟ್ಟಿತ್ತು. ಅಗ್ಗದ ಕಾಗದ, ಶರವೇಗದ ಮಷೀನು, ಆರು ಪಾಯಿಂಟಿನ ಪುಟಾಣಿ ಅಕ್ಷರ. 1938ರಿಂದ ಬಳಕೆಯಲ್ಲಿದ್ದ ಹಳೆಯ ಅಕ್ಷರ ಹೊಸ ಮಷೀನಿನಲ್ಲಿ ಅಲ್ಲಲ್ಲಿ ಒಡೆದುಹೋಗುತ್ತಿತ್ತು. ಕಾರ್ಟರ್ 1978ರಲ್ಲಿ ಬೆಲ್ ಸೆಂಟೆನಿಯಲ್ ಎಂಬ ಅಕ್ಷರ ಮಾಡಿಕೊಟ್ಟರು.

ಅದನ್ನು ದೊಡ್ಡದು ಮಾಡಿ ನೋಡಿದರೆ ಮೊದಲು ಬೆಚ್ಚಿಬೀಳುತ್ತೀರಿ. ಗೆರೆ ಗೆರೆ ಕೂಡುವ ಮೂಲೆಗಳಲ್ಲೆಲ್ಲ ಇಲಿ ಕಚ್ಚಿದ ಹಾಗೆ ಕಚ್ಚುಗಳಿವೆ. ಬೇಕಂತಲೇ ಮಾಡಿದ ಕಚ್ಚು. ಮೂಲೆಯಲ್ಲಿ ಇಂಕ್ ಸೇರಿಕೊಳ್ಳುವುದು ಗ್ಯಾರಂಟಿ, ಹಾಗಾಗಿ ಇಂಕಿಗೆ ಅಂತಲೇ ಅಲ್ಲಿ ಜಾಗ ಬಿಟ್ಟಿದ್ದಾರೆ. ಸಣ್ಣ ಸೈಜಿನಲ್ಲಿ ಅಚ್ಚಾದಾಗ ಆ ಕಚ್ಚು ತುಂಬಿಕೊಂಡು ಅಕ್ಷರ ಸರಿಯಾಗುತ್ತದೆ. ಅಂದರೆ ಅವರು ಬರೆದದ್ದು ಅರ್ಧ ಅಕ್ಷರ. ಉಳಿದರ್ಧ ಬರೆಯೋದು ಮಷೀನು. ಅವತ್ತು ನಾನು ಎದ್ದು ಹೋಗಿ ನಮ್ಮ ಕ್ಯಾಲೆಂಡರನ್ನು ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಪ್ರೆಸ್ಸಿನವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು. ಕಾಗದ ಯಾವುದು ಅಂತ ನಾನು ಕೇಳಿಯೇ ಇರಲಿಲ್ಲ.

ಕಾರ್ಟರ್ ಅವರ ಕೆಲಸದ ಬದುಕು ನನಗೆ ಇನ್ನೊಂದು ಕಾರಣಕ್ಕೂ ಹಿಡಿಸಿತು. ಹತ್ತೊಂಬತ್ತು ವರ್ಷ ವಯಸ್ಸಿನ ಆಸುಪಾಸಿನಲ್ಲಿ ಅವರು ಹಾಲೆಂಡಿನ ಹಾರ್ಲೆಮ್ ಊರಿಗೆ ಹೋಗಿ, ಎನ್‌ಸ್ಕೆಡೆ ಎಂಬ ಹಳೆಯ ಅಚ್ಚುಕೂಟದಲ್ಲಿ ಉಕ್ಕಿನ ಕಡ್ಡಿಯ ತುದಿಯಲ್ಲಿ ಅಚ್ಚಿನ ಅಕ್ಷರ ಕೆತ್ತುವುದನ್ನು ಕಲಿತರು. ಅದು ಐವತ್ತರ ದಶಕ. ಆ ಕಸುಬು ಆಗಲೇ ಕೊನೆಯುಸಿರು ಎಳೆಯುತ್ತಿತ್ತು. ಮುಂದೆ ಅಚ್ಚುಮೊಳೆ ಹೋಗಿ, ಬೆಳಕಿನಿಂದ ಫಿಲ್ಮಿನ ಮೇಲೆ ಅಕ್ಷರ ಮೂಡಿಸುವ ಫೋಟೋಟೈಪ್ ಬಂತು, ಅದೂ ಹೋಗಿ ಕಂಪ್ಯೂಟರ್ ಬಂತು. ಬೆಲ್ ಸೆಂಟೆನಿಯಲ್ ಅಕ್ಷರಗಳನ್ನು ಅವರು ಚೌಕದ ಹಾಳೆಯಲ್ಲಿ ಒಂದೊಂದೇ ಚುಕ್ಕಿ ಕೂರಿಸಿ ಮಾಡಿದರು. 1996ರ ವರ್ಡಾನಾಗೂ ಮೊದಲು ಸ್ಕ್ರೀನಿನ ಚುಕ್ಕಿ, ಆಮೇಲೆ ಹೊರಗೆರೆ. ಉಕ್ಕಿನಲ್ಲಿ ಕೂದಲೆಳೆಯಷ್ಟು ಕೆತ್ತಿದ ಕೈಗೆ ಒಂದು ಚುಕ್ಕಿ ಆಚೀಚೆ ಸರಿಸುವುದರ ಬೆಲೆ ಗೊತ್ತಿತ್ತು ಅಂತ ನನ್ನ ನಂಬಿಕೆ.

ನಮ್ಮಲ್ಲೂ ಅಂಥವರಿದ್ದರು. ಆರ್. ಕೆ. ಜೋಶಿ ಮುಂಬೈನಲ್ಲಿ ಜಾಹೀರಾತು ಕಂಪನಿಯಲ್ಲಿದ್ದವರು, ಕೈಬರಹದ ಕಲಾವಿದರು, ಐಐಟಿಯಲ್ಲಿ ಪಾಠ ಮಾಡಿದವರು. ಆಮೇಲೆ ಕಂಪ್ಯೂಟರಿಗೆ ಭಾರತೀಯ ಭಾಷೆಗಳ ಫಾಂಟ್ ಮಾಡಿದರು. ವಿಂಡೋಸಿನಲ್ಲಿ ನಾವೆಲ್ಲ ವರ್ಷಗಟ್ಟಲೆ ಕನ್ನಡ ಓದಿದ ತುಂಗಾ ಫಾಂಟ್ ಅವರದ್ದೇ.

ಇದನ್ನೆಲ್ಲ ಓದುವಾಗ ನನ್ನ ಕಣ್ಣ ಮುಂದೆ ಬರುತ್ತಿದ್ದವರು ಗದಗಿನ ನಮ್ಮ ಪೇಂಟರ್ ಕಾಕಾ. ಗದಗ ಅಂದರೆ ಪ್ರೆಸ್ಸುಗಳ ಊರು. ನಮ್ಮ ಮನೆ ಹತ್ತಿರವೇ ಅವರ ಅಂಗಡಿ. ರಜೆಯಲ್ಲಿ ನಾನು ಅವರ ಬಣ್ಣದ ಡಬ್ಬಿ ಹಿಡಿದುಕೊಂಡು ಹಿಂದೆ ಹಿಂದೆ ಓಡಾಡುತ್ತಿದ್ದೆ. ಕಿರಾಣಿ ಅಂಗಡಿಯ ಬೋರ್ಡ್ ಬರೆಯುವಾಗ ಎರಡು ಅಕ್ಷರ ಬರೆದು ಏಣಿ ಇಳಿಯೋರು. ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಂತು ನೋಡೋರು. ಮತ್ತೆ ಬಂದು ಏಣಿ ಹತ್ತಿ ಒಂದು ಒತ್ತಕ್ಷರವನ್ನು ದಪ್ಪ ಮಾಡೋರು. ಬಿಸಿಲಲ್ಲಿ ಅಷ್ಟು ಸಲ ಯಾಕೆ ಹತ್ತಿ ಇಳಿಯೋದು ಅಂತ ಕೇಳಿದ್ದಕ್ಕೆ, "ಓದೋ ಮಂದಿ ಏಣಿ ಮ್ಯಾಲೆ ನಿಂತು ಓದೂದಿಲ್ಲೋ ತಮ್ಮಾ" ಅಂದಿದ್ದರು.

ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ನಿಂತಿತು. ಸ್ವಲ್ಪ ದಿನ ಗಾಡಿಗಳ ನಂಬರ್ ಪ್ಲೇಟು, ಶಾಲೆಗಳ ಗೋಡೆ ಬರಹ ಅಂತ ನಡೆಸಿದರು. ಅಂಥ ಕಣ್ಣು ಊರಲ್ಲಿರುವಾಗ ಒಬ್ಬ ಫ್ಲೆಕ್ಸ್ ಅಂಗಡಿಯವನೂ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ನನಗೆ ಇವತ್ತಿಗೂ ಬೇಜಾರಾಗೋದು ಅದಕ್ಕೇ. ಅವರಿಗೆ ಮೌಸ್ ಹಿಡಿಯೋಕೆ ಬರುತ್ತಿರಲಿಲ್ಲ, ನಿಜ. ಆದರೆ ಎಷ್ಟು ದೂರದಿಂದ ಯಾವ ಅಕ್ಷರ ಸಾಯುತ್ತದೆ ಅನ್ನೋದು ಗೊತ್ತಿತ್ತು. ಅದು ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ಮರುವರ್ಷ ಅದೇ ಸಂಘಕ್ಕೆ ನಾನೇ ಫೋನ್ ಮಾಡಿ, ಅಂಕಿಗಳನ್ನು ಹೊಸದಾಗಿ ಬರೆದುಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ ಎಂದೆ. ಮೊದಲು ಪ್ರೆಸ್ಸಿಗೆ ಹೋಗಿ ಅದೇ ಕಾಗದದ ಒಂದು ಕಟ್ಟು ತಂದೆ. ಹತ್ತು ಅಂಕಿಗಳನ್ನು ಬರೆದೆ. ಹೊಟ್ಟೆಗಳನ್ನು ಅಗಲ ಮಾಡಿದೆ, ಗೆರೆ ಕೂಡುವ ಕಡೆ ಕಚ್ಚು ಕೊಟ್ಟೆ, ಆರರ ಬಾಲ ಉದ್ದ ಮಾಡಿ ಮೇಲಕ್ಕೆ ಎತ್ತಿದೆ. ಸ್ಕ್ರೀನ್ ಮೇಲೆ ಅವು ಚೂರೂ ಚೆನ್ನಾಗಿ ಕಾಣುತ್ತಿರಲಿಲ್ಲ. ಮಷೀನ್ ಓಡಿಸುವ ಅಣ್ಣ ಬೇರೆ ಕೆಲಸದ ಪ್ಲೇಟಿನ ಅಂಚಿನಲ್ಲಿ ಜಾಗ ಮಾಡಿಕೊಟ್ಟು ಮೂರು ಸಲ ಪ್ರೂಫ್ ತೆಗೆದುಕೊಟ್ಟರು. ಮೂರನೇ ಸಲ ಇಂಕ್ ಕಚ್ಚುಗಳಲ್ಲಿ ಇಳಿದು ಮೂರು ಮೂರಾಗಿಯೂ ಆರು ಆರಾಗಿಯೂ ನಿಂತಿತು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಈಗ ಹೊಸ ಹುಡುಗರು ಕೆಲಸ ತೋರಿಸೋಕೆ ಲ್ಯಾಪ್‌ಟಾಪ್ ತೆರೆದರೆ, ಮೊದಲು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಅನ್ನುತ್ತೇನೆ. ಔಷಧಿ ಚೀಟಿಯಾದರೆ ಅದೇ ಸೈಜಿನಲ್ಲಿ ಕೈಗೆ ಕೊಡಿ, ಸಂಜೆ ಬೆಳಕಲ್ಲಿ ಓದೋಣ ಅನ್ನುತ್ತೇನೆ. ಕೆಲವರಿಗೆ ಇದು ಕಿರಿಕಿರಿ ಅಂತ ಗೊತ್ತು. ಆದರೂ ಬಿಡುವುದಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮುಂದಿನ ವರ್ಷದ ಕ್ಯಾಲೆಂಡರ್ ಪ್ರತಿ ಒಂದನ್ನು ಕಾಕಾಗೆ ಕೊಟ್ಟೆ. ಕನ್ನಡಕ ಹುಡುಕಲಿಲ್ಲ. ಮೊಳೆಗೆ ನೇತುಹಾಕಿ ಬಾಗಿಲವರೆಗೂ ಹಿಂದೆ ಹಿಂದೆ ನಡೆದು ನಿಂತರು. ಬಹಳ ಹೊತ್ತು ನೋಡಿದರು. "ಮೂರು ಚೊಲೋ ಆಗೇತಿ. ಆರರ ಬಾಲ ಇನ್ನೊಂದೀಟು ಹೊರಗ ಬರ್ಲಿ" ಅಂದರು. ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲೇ ನೋಟ್‌ಬುಕ್ ತೆಗೆದು ಬರೆಯೋಕೆ ಕೂತೆ.