ವೆಸ್ಟ್‌ಮಿನ್‌ಸ್ಟರ್ ಸಂಸತ್ ಭವನದ ಒಳಗೆ: ಯಾವ ದಿನ ಹೋದರೆ ಏನು ಸಿಗುತ್ತದೆ

ಲಂಡನ್ನಿಗೆ ಹೋದವರಲ್ಲಿ ಬಹಳ ಮಂದಿ ಬ್ರಿಟಿಷ್ ಸಂಸತ್ ಭವನವನ್ನು ಸೇತುವೆಯ ಮೇಲಿಂದ ನೋಡಿ, ಗಡಿಯಾರದ ಗೋಪುರದ ಮುಂದೆ ಒಂದು ಫೋಟೊ ತೆಗೆಸಿಕೊಂಡು ಮುಂದಕ್ಕೆ ಹೋಗಿಬಿಡುತ್ತಾರೆ. ಒಳಗೆ ಬಿಡುತ್ತಾರೆ ಎಂಬುದೇ ಹಲವರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದವರಲ್ಲೂ ಕೆಲವರು ತಪ್ಪು ದಿನ ಹೋಗಿ ಬಾಗಿಲಿಂದಲೇ ವಾಪಸಾಗುತ್ತಾರೆ. ಟಿಕೆಟ್ ಹುಡುಕುವ ಮೊದಲು ಒಂದು ಮಾತನ್ನು ತೀರ್ಮಾನಿಸಿಕೊಳ್ಳಿ: ನಿಮಗೆ ಕಟ್ಟಡ ನೋಡಬೇಕೋ, ಕಲಾಪ ನೋಡಬೇಕೋ? ಎರಡಕ್ಕೂ ದಿನ ಬೇರೆ, ದಾರಿ ಬೇರೆ, ಖರ್ಚೂ ಬೇರೆ.

ಕಟ್ಟಡವನ್ನು ಸುತ್ತಿ ನೋಡುವ ಟೂರ್ ಇರುವುದು ಹೆಚ್ಚಿನ ಶನಿವಾರಗಳಂದು, ಮತ್ತು ಸಂಸತ್ತಿಗೆ ಬಿಡುವಿರುವ ವಾರಗಳಲ್ಲಿ ಉಳಿದ ದಿನಗಳಂದೂ. ಇದಕ್ಕೆ ಹಣ ಕೊಡಬೇಕು. ಬ್ರಿಟನ್ನಿನ ನಿವಾಸಿಗಳು ತಮ್ಮ ಕ್ಷೇತ್ರದ ಸಂಸದರ ಮೂಲಕ ಉಚಿತ ಟೂರ್ ಪಡೆಯುತ್ತಾರೆ. ಹೊರದೇಶದಿಂದ ಬಂದ ನಮಗೆ ಆ ದಾರಿ ಇಲ್ಲ. ಅಲ್ಲಿ ನೆಲೆಸಿರುವ ನೆಂಟರೋ ಗೆಳೆಯರೋ ಇದ್ದರೆ ಅವರನ್ನು ಮೊದಲೇ ಕೇಳಿ ನೋಡಿ. ಕಲಾಪವನ್ನು ಗ್ಯಾಲರಿಯಲ್ಲಿ ಕುಳಿತು ನೋಡುವುದು ಮಾತ್ರ ಯಾರಿಗಾದರೂ ಉಚಿತ, ಯಾವ ದೇಶದವರಾದರೂ ಸರಿ. ಅದು ಅಧಿವೇಶನ ನಡೆಯುವ ದಿನಗಳಲ್ಲಿ, ಅಂದರೆ ಮುಖ್ಯವಾಗಿ ಸೋಮವಾರದಿಂದ ಗುರುವಾರದವರೆಗೆ.

ಬಿಡುವು ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಈಸ್ಟರ್ ಹೊತ್ತಿಗೆ, ಮೇ ಕೊನೆಗೆ, ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ, ಮತ್ತೆ ಕ್ರಿಸ್‌ಮಸ್‌ಗೆ. ಖಚಿತ ದಿನಾಂಕಗಳು ಪ್ರತಿವರ್ಷ ಬದಲಾಗುತ್ತವೆ, ಸಂಸತ್ತಿನ ವೆಬ್‌ಸೈಟಿನಲ್ಲಿ ಸಿಗುತ್ತವೆ. ಅಕ್ಟೋಬರಿನ ದಸರಾ ರಜೆಗೆ ಹೋಗುವವರಿಗೆ ಹಲವು ವರ್ಷ ಈ ಬಿಡುವು ಕೂಡಿಬರುತ್ತದೆ. ಏಪ್ರಿಲ್-ಮೇ ರಜೆಯಲ್ಲಿ ಹೋಗುವವರು ಶನಿವಾರವನ್ನೇ ನಂಬಿಕೊಳ್ಳುವುದು ಒಳ್ಳೆಯದು. ಲಂಡನ್ನಿನಲ್ಲಿ ನಾಲ್ಕೈದು ದಿನ ಇರುವವರಾದರೆ ಒಂದು ಶನಿವಾರವೂ ಒಂದು ಸೋಮವಾರವೂ ಸೇರುವಂತೆ ವಿಮಾನದ ಟಿಕೆಟ್ ಮಾಡಿಸಿ, ಆಗ ಎರಡೂ ಸಿಗುತ್ತದೆ.

ಟೂರ್ ಟಿಕೆಟ್ಟನ್ನು ಸಂಸತ್ತಿನ ವೆಬ್‌ಸೈಟಿನಲ್ಲೇ ಮುಂಗಡವಾಗಿ ಕೊಳ್ಳಿ. ಎರಡು ಬಗೆಯಿದೆ. ಒಂದು, ಕಿವಿಗೆ ಹಾಕಿಕೊಳ್ಳುವ ಆಡಿಯೊ ಗೈಡ್. ಇನ್ನೊಂದು, ಮಾರ್ಗದರ್ಶಕರ ಜೊತೆ ಗುಂಪಾಗಿ ಹೋಗುವುದು. ಎರಡನೆಯದಕ್ಕೆ ಸುಮಾರು ಒಂದೂವರೆ ಗಂಟೆ ಬೇಕು. ಮಾರ್ಗದರ್ಶಕರಿಗೆ ಸಭಾ ಪದ್ಧತಿಗಳು ಕರತಲಾಮಲಕ, ಪ್ರಶ್ನೆ ಕೇಳಿದರೆ ಚೆನ್ನಾಗಿ ಹೇಳುತ್ತಾರೆ. ಆದರೆ ಗುಂಪಿನ ವೇಗಕ್ಕೆ ಹೆಜ್ಜೆ ಹಾಕಬೇಕು. ಚಿಕ್ಕ ಮಕ್ಕಳೋ ವಯಸ್ಸಾದವರೋ ಜೊತೆಯಲ್ಲಿದ್ದರೆ ಆಡಿಯೊ ಗೈಡೇ ಅನುಕೂಲ, ಬೇಕಾದಲ್ಲಿ ನಿಂತು ನೋಡಬಹುದು. ಇದು ಕೆಲಸ ನಡೆಯುತ್ತಿರುವ ಕಟ್ಟಡವಾದ್ದರಿಂದ ಕೆಲವು ಕೋಣೆಗಳನ್ನು ಇದ್ದಕ್ಕಿದ್ದಂತೆ ಮುಚ್ಚುವುದುಂಟು. ಹೊರಡುವ ಹಿಂದಿನ ರಾತ್ರಿ ಇಮೇಲ್ ಒಮ್ಮೆ ನೋಡಿಕೊಳ್ಳಿ.

ಭೂಗತ ರೈಲಿನಲ್ಲಿ ಬರುವವರು ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿ ಇಳಿಯಬೇಕು. ಜ್ಯೂಬಿಲಿ, ಡಿಸ್ಟ್ರಿಕ್ಟ್, ಸರ್ಕಲ್ ಮೂರೂ ಮಾರ್ಗಗಳು ಇಲ್ಲಿಗೆ ಬರುತ್ತವೆ. ಹೊರಬಂದ ಕೂಡಲೆ ಗಡಿಯಾರದ ಗೋಪುರ ಕಣ್ಣೆದುರಿಗೇ ಇರುತ್ತದೆ, ಆದರೆ ಪ್ರವೇಶದ್ವಾರ ಅಲ್ಲಿಲ್ಲ. ಬೇಲಿಯ ಗುಂಟ ಸೇಂಟ್ ಮಾರ್ಗರೆಟ್ ಸ್ಟ್ರೀಟ್ ಕಡೆಗೆ ನಡೆದರೆ ತಗ್ಗಿನಲ್ಲಿ ಆಲಿವರ್ ಕ್ರಾಮ್‌ವೆಲ್‌ನ ಪ್ರತಿಮೆ ಕಾಣುತ್ತದೆ. ಅದರ ಪಕ್ಕದ್ದೇ ಕ್ರಾಮ್‌ವೆಲ್ ಗ್ರೀನ್ ಸಂದರ್ಶಕರ ದ್ವಾರ.

ತಪಾಸಣೆ ವಿಮಾನ ನಿಲ್ದಾಣದಲ್ಲಿ ಇದ್ದಂತೆಯೇ. ಬೆಲ್ಟು, ಕೋಟು, ಜೇಬಿನ ಸಾಮಾನು ಎಲ್ಲ ತಟ್ಟೆಗೆ. ನಿಮ್ಮ ಫೋಟೊ ತೆಗೆದು ಕೊರಳಿಗೆ ಹಾಕಿಕೊಳ್ಳುವ ಪಾಸು ಕೊಡುತ್ತಾರೆ. ಟಿಕೆಟ್ಟಿನ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಸಾಲಿನಲ್ಲಿರಿ. ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಮೊದಲು. ಹೆಚ್ಚಿನವರು ಎಡವುವುದು ಸೂಟ್‌ಕೇಸಿನ ವಿಷಯದಲ್ಲಿ. ಹೋಟೆಲ್ ಖಾಲಿ ಮಾಡಿ, ಸಾಮಾನು ಎಳೆದುಕೊಂಡು ಬಂದು, ಒಳಗೆ ಇಟ್ಟು ಹೋಗಬಹುದು ಅಂದುಕೊಳ್ಳುತ್ತಾರೆ. ದೊಡ್ಡ ಸಾಮಾನನ್ನು ಇಡಲು ಅಲ್ಲಿ ಜಾಗವೇ ಇಲ್ಲ. ವಿಕ್ಟೋರಿಯಾ ರೈಲು ನಿಲ್ದಾಣದ ಸಾಮಾನು ಕೋಣೆಯಲ್ಲಿ ಇಟ್ಟು ಬನ್ನಿ, ಇಲ್ಲವೇ ಹೋಟೆಲಿನಲ್ಲೇ ಬಿಡಿ. ಹಣ್ಣು ಕತ್ತರಿಸಲು ಚೀಲದಲ್ಲಿಟ್ಟ ಚಾಕು, ಕತ್ತರಿ, ಬಾವುಟ, ಬ್ಯಾನರ್, ಸೀಟಿ ಯಾವುದನ್ನೂ ಬಿಡುವುದಿಲ್ಲ.

ಒಳಗೆ ಮೊದಲು ಸಿಗುವುದು ವೆಸ್ಟ್‌ಮಿನ್‌ಸ್ಟರ್ ಹಾಲ್. ಇಲ್ಲಿ ಅವಸರ ಮಾಡಬೇಡಿ. ಇಡೀ ಭವನದಲ್ಲಿ ನಿಜಕ್ಕೂ ಹಳೆಯದು ಇದು, 1097ರದು. 1834ರ ಅಕ್ಟೋಬರ್ 16ರಂದು, ಗೆರೆ ಕೊರೆದು ಹಣದ ಲೆಕ್ಕ ಇಡುತ್ತಿದ್ದ ಹಳೆಯ ಮರದ ಕಡ್ಡಿಗಳನ್ನು ಒಲೆಗೆ ಹಾಕಿ ಸುಡಲು ಹೋಗಿ, ಆಗ ಸಂಸತ್ತು ಕೂಡುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ಅರಮನೆಯೇ ಹೊತ್ತಿಕೊಂಡಾಗ ಉಳಿದದ್ದರಲ್ಲಿ ಮುಖ್ಯವಾದದ್ದು ಈ ಹಜಾರ. ಹೊರಗಿಂದ ಪ್ರಾಚೀನವಾಗಿ ಕಾಣುವ ಉಳಿದ ಭಾಗವೆಲ್ಲ ಚಾರ್ಲ್ಸ್ ಬ್ಯಾರಿ ಮತ್ತು ಅಗಸ್ಟಸ್ ಪ್ಯೂಗಿನ್ ಆ ಬೆಂಕಿಯ ನಂತರ ರೂಪಿಸಿದ್ದು, 1840ರಲ್ಲಿ ಬುನಾದಿ ಹಾಕಿದ್ದು. ಹಜಾರದ ಉದ್ದ ಸುಮಾರು 73 ಮೀಟರ್, ಅಗಲ 20 ಮೀಟರ್. ನಡುವೆ ಒಂದೂ ಕಂಬವಿಲ್ಲ. ಆ ಅಗಲವನ್ನು ಹೊತ್ತಿರುವುದು ಹದಿನಾಲ್ಕನೆಯ ಶತಮಾನದ ಕೊನೆಗೆ ಎರಡನೇ ರಿಚರ್ಡ್ ಹಾಕಿಸಿದ ಓಕ್ ಮರದ ಚಾವಣಿ. ಗೋಡೆಯಿಂದ ಚಾಚಿದ ತೊಲೆಗಳ ತುದಿಯಲ್ಲಿ ದೇವದೂತರ ಕೆತ್ತನೆಗಳಿವೆ. ಕತ್ತಲು ಕತ್ತಲಾಗಿ ಕಾಣುವುದರಿಂದ ಫೋನಿನ ಕ್ಯಾಮೆರಾವನ್ನು ಜೂಮ್ ಮಾಡಿ ನೋಡಿ.

ಈ ನೆಲದ ಮೇಲೆಯೇ 1535ರಲ್ಲಿ ದೊರೆ ಎಂಟನೇ ಹೆನ್ರಿಯ ಮಂತ್ರಿಯಾಗಿದ್ದ ಥಾಮಸ್ ಮೋರ್‌ನ, 1649ರಲ್ಲಿ ದೊರೆ ಒಂದನೇ ಚಾರ್ಲ್ಸ್‌ನ ವಿಚಾರಣೆ ನಡೆಯಿತು. ನಮಗೆ ಹತ್ತಿರದ್ದು ಇನ್ನೊಂದಿದೆ. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಭಾರತದಲ್ಲಿ ಮಾಡಿದ ದುರಾಡಳಿತದ ಆರೋಪವನ್ನು ಸಂಸದ ಎಡ್ಮಂಡ್ ಬರ್ಕ್ ವಾದಿಸಿದ್ದು ಇಲ್ಲಿಯೇ, 1788ರಿಂದ ಏಳು ವರ್ಷ. ಕೊನೆಗೆ ಹೇಸ್ಟಿಂಗ್ಸ್ ಖುಲಾಸೆಯಾದ. ಕಲ್ಲು ಹಾಸಿನ ಈ ಹಜಾರ ಚಳಿಗಾಲದಲ್ಲಿ ತಣ್ಣಗೆ ಕೊರೆಯುತ್ತದೆ, ಕೋಟು ತೆಗೆಯಬೇಡಿ. ಫೋಟೊ ತೆಗೆಯುವುದಿದ್ದರೆ ಇಲ್ಲಿ ಮತ್ತು ಮುಂದಿನ ಸೇಂಟ್ ಸ್ಟೀಫನ್ಸ್ ಹಾಲಿನಲ್ಲಿ ಮುಗಿಸಿಬಿಡಿ. ಅದರಾಚೆಗೆ ಕ್ಯಾಮೆರಾ ನಿಷಿದ್ಧ, ಸಿಬ್ಬಂದಿ ಗಮನಿಸುತ್ತಲೇ ಇರುತ್ತಾರೆ.

ಸೇಂಟ್ ಸ್ಟೀಫನ್ಸ್ ಹಾಲನ್ನು ಜನ ಓಣಿ ಎಂಬಂತೆ ದಾಟಿ ಹೋಗುತ್ತಾರೆ, ಅದು ತಪ್ಪು. ಹದಿನಾರನೆಯ ಶತಮಾನದ ನಡುವಿನಿಂದ 1834ರ ಬೆಂಕಿಯವರೆಗೆ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಕೂಡುತ್ತಿದ್ದ ಜಾಗ ಇದೇ. ಸ್ಪೀಕರ್ ಪೀಠವಿದ್ದ ಸ್ಥಳವನ್ನು ನೆಲದಲ್ಲಿ ಹಿತ್ತಾಳೆಯ ಗುಬುಟುಗಳಿಂದ ಗುರುತಿಸಿದ್ದಾರೆ. ಗೋಡೆಯ ದೊಡ್ಡ ಚಿತ್ರಗಳಲ್ಲಿ ಒಂದು, ಅಜ್ಮೇರದಲ್ಲಿ ಜಹಾಂಗೀರನ ಆಸ್ಥಾನಕ್ಕೆ ಬಂದ ರಾಯಭಾರಿ ಥಾಮಸ್ ರೋನದು. ಹದಿನೇಳನೆಯ ಶತಮಾನದ ರಾಜಕಾರಣಿ ಲಾರ್ಡ್ ಫಾಕ್‌ಲ್ಯಾಂಡ್‌ನ ಅಮೃತಶಿಲೆಯ ಪ್ರತಿಮೆಯ ಪಾದ ನೋಡಿ, ಕುದುರೆ ಸವಾರನ ಬೂಟಿನ ಮುಳ್ಳು ಮುರಿದಿದೆ. 1909ರಲ್ಲಿ ಮಹಿಳಾ ಮತದಾನದ ಹೋರಾಟಗಾರ್ತಿಯೊಬ್ಬರು ಅದಕ್ಕೆ ಸರಪಳಿ ಬಿಗಿದುಕೊಂಡಿದ್ದರು.

ಎಂಟು ಮೂಲೆಯ ಸೆಂಟ್ರಲ್ ಲಾಬಿಯಲ್ಲಿ ನಡುವೆ ನಿಂತುಕೊಳ್ಳಿ. ಒಂದು ಕಡೆ ಮೇಲ್ಮನೆಯಾದ ಲಾರ್ಡ್ಸ್, ಇನ್ನೊಂದು ಕಡೆ ಕಾಮನ್ಸ್. ಎಲ್ಲ ಬಾಗಿಲು ತೆರೆದಾಗ ದೊರೆಯ ಸಿಂಹಾಸನವೂ ಸ್ಪೀಕರ್ ಪೀಠವೂ ಒಂದೇ ನೇರಕ್ಕೆ ಎದುರುಬದುರು ಬರುವಂತೆ ಬ್ಯಾರಿ ಕಟ್ಟಿದ್ದಾನೆ. ಲಾರ್ಡ್ಸ್ ಕಡೆ ಎಲ್ಲ ಕೆಂಪು ಮತ್ತು ಚಿನ್ನ, ಕಾಮನ್ಸ್ ಕಡೆ ಹಸಿರು. ಕಾಮನ್ಸ್ ಸಭಾಂಗಣ ನಿರೀಕ್ಷೆಗಿಂತ ಚಿಕ್ಕದು, ಸಾದಾ. 1941ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಹಳೆಯದು ನಾಶವಾಗಿ ಇದು 1950ರಲ್ಲಿ ಸಿದ್ಧವಾಯಿತು. ಸದಸ್ಯರು 650, ಆಸನಗಳು 427. ಉದ್ದೇಶಪೂರ್ವಕವಾಗಿಯೇ ಹೀಗೆ ಕಟ್ಟಿದ್ದು, ಸಭೆ ಖಾಲಿ ಖಾಲಿ ಕಾಣಬಾರದೆಂದು. ಮರುನಿರ್ಮಾಣಕ್ಕೆ ಕಾಮನ್‌ವೆಲ್ತ್ ದೇಶಗಳು ಒಂದೊಂದು ವಸ್ತು ಕೊಟ್ಟವು: ಸ್ಪೀಕರ್ ಪೀಠ ಆಸ್ಟ್ರೇಲಿಯದ್ದು, ಮೇಜು ಕೆನಡಾದ್ದು, ಪ್ರವೇಶದ ಬಾಗಿಲುಗಳು ಭಾರತ ಮತ್ತು ಪಾಕಿಸ್ತಾನದ್ದು. ಹೊರಗಿನ ಕಮಾನಿನ ಕಲ್ಲುಗಳನ್ನು ಮಾತ್ರ ಬಾಂಬಿನ ಗುರುತಿಗೆಂದು ಹಾಗೆಯೇ ಉಳಿಸಿದ್ದಾರೆ. ಎಷ್ಟೇ ಕಾಲು ನೋಯುತ್ತಿದ್ದರೂ ಹಸಿರು ಬೆಂಚಿನ ಮೇಲೆ ಕೂರುವಂತಿಲ್ಲ.

ಇನ್ನು ಕಲಾಪ. ಕಾಮನ್ಸ್ ಸಾಮಾನ್ಯವಾಗಿ ಸೋಮವಾರ ಮಧ್ಯಾಹ್ನ 2:30ಕ್ಕೆ, ಮಂಗಳವಾರ ಮತ್ತು ಬುಧವಾರ ಬೆಳಗ್ಗೆ 11:30ಕ್ಕೆ, ಗುರುವಾರ 9:30ಕ್ಕೆ ಸೇರುತ್ತದೆ. ಬುಧವಾರ 12 ಗಂಟೆಗೆ ಪ್ರಧಾನಿಯ ಪ್ರಶ್ನೋತ್ತರ. ಎಲ್ಲರಿಗೂ ಬೇಕಾದದ್ದು ಅದೇ, ಸಿಗದಿರುವುದೂ ಅದೇ. ಸಂಸದರಿಂದ ಟಿಕೆಟ್ ಪಡೆದವರಿಗೆ ಮೊದಲ ಆದ್ಯತೆ. ಜಾಗ ಉಳಿದರೆ ಮಾತ್ರ ಸಾಲಿನವರಿಗೆ. ಅದಕ್ಕಾಗಿ ಅರ್ಧ ದಿನ ಸಾಲಿನಲ್ಲಿ ನಿಲ್ಲುವುದು ಬೇಡ ಎಂಬುದೇ ನಮ್ಮ ಸಲಹೆ. ಅದೇ ಬುಧವಾರ ಒಂದು ಗಂಟೆಯ ನಂತರ ಹೋದರೆ ಗ್ಯಾಲರಿ ತೆರವಾಗಿರುತ್ತದೆ. ಇನ್ನೂ ಒಳ್ಳೆಯದು ಸೋಮವಾರ ಸಂಜೆ: ಕಲಾಪ ರಾತ್ರಿ ಹತ್ತರವರೆಗೂ ಹೋಗಬಹುದು, ಸಾಲೂ ಚಿಕ್ಕದು, ಹಗಲಿನ ಸುತ್ತಾಟಕ್ಕೂ ತೊಂದರೆಯಿಲ್ಲ. ಆದರೆ ಕೆಲಸ ಬೇಗ ಮುಗಿದರೆ ಸಭೆಯನ್ನು ಮುಂದೂಡಿಬಿಡುತ್ತಾರೆ. ಏಳರ ಒಳಗೆ ಹೋಗಿಬಿಡಿ. ಕಾಮನ್ಸ್ ಸಾಲು ಉದ್ದವಿದ್ದರೆ ಲಾರ್ಡ್ಸ್ ಗ್ಯಾಲರಿಗೆ ಹೋಗಬಹುದೇ ಎಂದು ಸಿಬ್ಬಂದಿಯನ್ನು ಕೇಳಿ.

ಸಭೆ ಆರಂಭವಾಗುವ ಹೊತ್ತಿಗೆ ಸೆಂಟ್ರಲ್ ಲಾಬಿಯಲ್ಲಿ ಇದ್ದರೆ ಸ್ಪೀಕರ್ ಮೆರವಣಿಗೆ ಕಣ್ಣ ಮುಂದೆಯೇ ಹಾದುಹೋಗುತ್ತದೆ. ಟೋಪಿ ತೆಗೆಯುವಂತೆ ಪೊಲೀಸ್ ಅಧಿಕಾರಿ ಕೂಗುತ್ತಾರೆ, ಎಲ್ಲರೂ ಸುಮ್ಮನೆ ನಿಲ್ಲಬೇಕು. ಆಮೇಲಿನ ಪ್ರಾರ್ಥನೆಗೆ ಗ್ಯಾಲರಿಗೆ ಬಿಡುವುದಿಲ್ಲ. ಗ್ಯಾಲರಿಯಲ್ಲಿ ಮುಂದೆ ಗಾಜಿನ ಗೋಡೆ ಇದೆ, ಮಾತು ಧ್ವನಿವರ್ಧಕಗಳಿಂದ ಕೇಳಿಸುತ್ತದೆ. ಸಾಮಾನ್ಯ ಚರ್ಚೆಯಲ್ಲಿ ಹತ್ತು ಹದಿನೈದು ಸದಸ್ಯರಷ್ಟೇ ಇರುವುದೂ ಉಂಟು, ನಿರಾಶರಾಗಬೇಡಿ. ಮತದಾನದ ಗಂಟೆ ಬಾರಿಸಿದರೆ ಅದು ನಿಮ್ಮ ಅದೃಷ್ಟ: ಎಂಟು ನಿಮಿಷದೊಳಗೆ ಎಲ್ಲೆಲ್ಲಿಂದಲೋ ಸದಸ್ಯರು ಓಡಿ ಬಂದು, ಪರ ಇರುವವರು ಒಂದು ಪಡಸಾಲೆಗೆ, ವಿರೋಧ ಇರುವವರು ಇನ್ನೊಂದಕ್ಕೆ ನಡೆದು ಹೋಗುತ್ತಾರೆ.

ಬಿಗ್ ಬೆನ್, ಅಂದರೆ ಆ ಗಡಿಯಾರದ ಗೋಪುರ, ಹತ್ತುವುದು ಟೂರ್‌ಗೂ ಕಲಾಪಕ್ಕೂ ಸೇರದ ಬೇರೆ ಟಿಕೆಟ್. ಮೆಟ್ಟಿಲು 334, ಪ್ರವಾಸಿಗರಿಗೆ ಲಿಫ್ಟ್ ಇಲ್ಲ, 11 ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ತಿಂಗಳ ಎರಡನೇ ಬುಧವಾರ ಲಂಡನ್ ಸಮಯ ಬೆಳಗ್ಗೆ 10ಕ್ಕೆ ಟಿಕೆಟ್ ಬಿಡುಗಡೆ, ಬಹಳ ಬೇಗ ಖಾಲಿ. ಭಾರತದಲ್ಲಿ ಆಗ ಚಳಿಗಾಲದ ಲೆಕ್ಕಕ್ಕೆ ಮಧ್ಯಾಹ್ನ 3:30, ಬೇಸಿಗೆಯಲ್ಲಿ 2:30. ಈ ಒಂದು ಗಂಟೆಯ ವ್ಯತ್ಯಾಸ ಮರೆತು ತಪ್ಪಿಸಿಕೊಂಡವರು ಇದ್ದಾರೆ.

ಹೊರಗಿನ ಫೋಟೊಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಎದುರು ದಡಕ್ಕೆ ಬೆಳಗ್ಗೆ ಹೋಗಿ. ಥೇಮ್ಸ್ ಕಡೆಯ ಮುಖ ಪೂರ್ವಕ್ಕಿದೆ. ಸಂಜೆ ಹೋದರೆ ಸೂರ್ಯ ಕಟ್ಟಡದ ಹಿಂದಿರುತ್ತಾನೆ, ಕಪ್ಪು ಆಕೃತಿಯಷ್ಟೇ ಸಿಗುತ್ತದೆ. ಪಾರ್ಲಿಮೆಂಟ್ ಸ್ಕ್ವೇರಿನಲ್ಲಿ 2015ರಲ್ಲಿ ನಿಲ್ಲಿಸಿದ ಗಾಂಧೀಜಿ ಪ್ರತಿಮೆಯನ್ನು ನೋಡಿಕೊಂಡು, ದಕ್ಷಿಣಕ್ಕೆ ಮಿಲ್‌ಬ್ಯಾಂಕ್ ರಸ್ತೆಯಲ್ಲಿ ನಡೆದು ಲ್ಯಾಂಬೆತ್ ಸೇತುವೆ ದಾಟಿ. ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ ಬಸವೇಶ್ವರರ ಪ್ರತಿಮೆಯಿದೆ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಹನ್ನೆರಡನೆಯ ಶತಮಾನದ ಅನುಭವ ಮಂಟಪದ ನೆನಪು ವೆಸ್ಟ್‌ಮಿನ್‌ಸ್ಟರ್‌ಗೆ ನದಿಯಷ್ಟೇ ದೂರದಲ್ಲಿದೆ ಎಂಬುದು ಬಹಳಷ್ಟು ಕನ್ನಡಿಗ ಪ್ರವಾಸಿಗರಿಗೇ ತಿಳಿದಿಲ್ಲ. ಸಂಸತ್ ದ್ವಾರದಿಂದ ನಿಧಾನವಾಗಿ ನಡೆದರೂ ಇಪ್ಪತ್ತು ನಿಮಿಷ ಸಾಕು. ಮರಳುವಾಗ ಬಂದ ದಾರಿಯಲ್ಲೇ ಹೋಗಬೇಕಿಲ್ಲ, ನದಿ ಗುಂಟ ದಕ್ಷಿಣಕ್ಕೆ ನಡೆದರೆ ವಾಕ್ಸ್‌ಹಾಲ್ ನಿಲ್ದಾಣದಲ್ಲಿ ವಿಕ್ಟೋರಿಯಾ ಮಾರ್ಗದ ರೈಲು ಸಿಗುತ್ತದೆ.